ಹಿಮಾಲಯವೋ, ಹೆದ್ದಾರಿಯೋ?

"ಹಿಮಾಲಯನ್ 450 ತಗೋತೀನಿ ಕಣೇ. ಅಡ್ವೆಂಚರ್ ಬೈಕು! ನೆಲದಿಂದ 230 ಮಿಲಿಮೀಟರ್ ಮೇಲಿರುತ್ತೆ. ಕಲ್ಲು, ಹಳ್ಳ, ಹೊಳೆ, ಯಾವುದಕ್ಕೂ ಜಗ್ಗಲ್ಲ."

"ಬೆಂಗಳೂರಲ್ಲಿ ಹೊಳೆ ಎಲ್ಲಿದೆ ರೀ?"

"ಮಳೆ ಬರಲಿ, ಸಿಲ್ಕ್ ಬೋರ್ಡಲ್ಲಿ ತೋರಿಸ್ತೀನಿ."

"ತೂಕ?"

"196 ಕೆಜಿ."

"ಗ್ಯಾಸ್ ಸಿಲಿಂಡರ್ ಎತ್ತೋಕೇ ಸೊಂಟ ಹಿಡಿಯುತ್ತೆ ನಿಮಗೆ. ಇದು ಬಿದ್ರೆ ಎತ್ತೋರ್ಯಾರು?"

"ಹಾಗಾದ್ರೆ ಸ್ಪೋರ್ಟ್ ಟೂರರ್. ನಿಂಜಾ 1000, 1043 ಸಿಸಿ! ಮೈಸೂರು ಎಕ್ಸ್‌ಪ್ರೆಸ್‌ವೇಲಿ ಬೆಣ್ಣೆ ಜಾರಿದ ಹಾಗೆ..."

"2023ರಿಂದ ಅಲ್ಲಿಗೆ ಬೈಕೇ ಬಿಡಲ್ಲ. ಸರ್ವಿಸ್ ರಸ್ತೇಲಿ ಹೋಗ್ಬೇಕು."

"ಸರ್ವಿಸ್ ರಸ್ತೆಗಾದ್ರೆ ಹಿಮಾಲಯನ್ನೇ ಸರಿ!"

"ಸರಿ ರೀ. ಸದ್ಯಕ್ಕೆ ನನ್ನ ಸ್ಕೂಟರ್ ತಗೊಂಡ್ಹೋಗಿ. ಕೊತ್ತಂಬರಿ ಸೊಪ್ಪು ಮುಗಿದಿದೆ."

"ಹೆಲ್ಮೆಟ್ಟಿಗೆ ಕ್ಯಾಮೆರಾ ಹಾಕ್ಕೊಳ್ಲಾ?"