ಬಂಪರಿನಲ್ಲೊಂದು ಮರುಭೂಮಿ

ಕಂಪನಿ ಗಾಡಿಯನ್ನ ಬೇಕಾದಂತೆ ಬದಲಿಸಿ ಮಾಡೋ ಈ ಕಸ್ಟಮ್ ಕಾರುಗಳ ಚಿತ್ರ ಬರೆಯೋರದ್ದು ಒಂದು ವಿಚಿತ್ರ ಕಣ್ರೀ. ಕಾರಿಗಿಂತ ಚಕ್ರದ್ದೇ ದರ್ಬಾರು. ಚಾವಣಿ ಎಷ್ಟು ತಗ್ಗು ಅಂದ್ರೆ, ನನ್ನಂಥೋನು ಒಳಗೆ ಕೂತರೆ ತಲೆ ಮನೆಯಲ್ಲೇ ಬಿಟ್ಟು ಬರಬೇಕು. ನೆಲಕ್ಕೂ ಕಾರಿಗೂ ನಡುವೆ ಬೆಕ್ಕು ನುಸುಳೋಕೂ ಜಾಗ ಇಲ್ಲ. ಸಂಬಂಧ ಕುದುರಿಸೋಕೆ ಕಳಿಸ್ತಾರಲ್ಲ ಗಂಡಿನ ಫೋಟೋ, ಹಾಗೆ. ಸುಳ್ಳೇನಲ್ಲ, ಆದರೆ ಕೂದಲು ಸ್ವಲ್ಪ ಜಾಸ್ತಿ.

ನನಗೆ ಹುಚ್ಚು ಹಿಡಿಸಿರೋದು ಮಾತ್ರ ಆ ಬಂಪರು. ಕ್ರೋಮ್ ಅಂದ್ರೆ ಬೆಳ್ಳಿ ಬಣ್ಣ ಬಳೀತಾರೆ ಅಂದ್ಕೊಂಡ್ರಾ? ಇಲ್ಲ. ಮೇಲೆ ಆಕಾಶದ ನೀಲಿ, ನಡುವೆ ಕಪ್ಪಗೆ ಒಂದು ಗೆರೆ, ಕೆಳಗೆ ಮಣ್ಣಿನ ಕಂದು. ಅಷ್ಟೇ, ಲೋಹ ಫಳಫಳ ಹೊಳೆಯುತ್ತೆ! ಚಿತ್ರದ ಸುತ್ತ ನೋಡಿದರೆ ಮರವಿಲ್ಲ, ಮನೆಯಿಲ್ಲ, ಬರೀ ಖಾಲಿ ಹಾಳೆ. ಬಂಪರಿನೊಳಗೆ ಮಾತ್ರ ಇಡೀ ಮರುಭೂಮಿ ಬಿದ್ದುಕೊಂಡಿದೆ. ಬಣ್ಣದ ಕಾಗದದ ಮೇಲೆ ಬರೆಯೋರು ಇನ್ನೂ ಘಾಟಿಗಳು. ನೆರಳಿಗೆ ಒಂದಿಷ್ಟು ಮಾರ್ಕರ್, ಬೆಳಕಿಗೆ ಬಿಳಿ ಪೆನ್ಸಿಲ್, ಅಂಚಿನಲ್ಲಿ ಒಂದು ಬಿಳಿ ಚುಕ್ಕಿ. ಬಾಗಿಲು ಪೂರ್ತಿ ಕಾಗದವೇ! ಕೈ ಆಡಿಸದೆ ಬಿಟ್ಟ ಜಾಗಕ್ಕೇ ಹೆಚ್ಚು ಕೂಲಿ ಕೊಡಬೇಕು ಅನ್ಸುತ್ತೆ, ಅಲ್ವಾ?

ನಾವೂ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಕಾರು ಬರೆದೋರೇ. ಅಕ್ಕನ ಬಳೆ ಇಟ್ಟು ಚಕ್ರ ಎಳೀತಿದ್ದೆ, ಬಳೆ ಒಡೆದ ದಿನ ಏಟು. ಕಾರು ಓರೆಯಾಗಿ ನಿಂತಿದ್ದರೂ ನನ್ನ ಚಕ್ರ ಮಾತ್ರ ಹುಣ್ಣಿಮೆ ಚಂದ್ರ. ಓರೆಗೆ ನಿಂತ ಚಕ್ರ ಮೊಟ್ಟೆಯಾಕಾರಕ್ಕೆ ಬರಬೇಕು, ಅದೂ ಆಕ್ಸಲ್ ಹೋಗೋ ದಿಕ್ಕು ನೋಡಿಕೊಂಡು. ಕೂದಲೆಳೆ ತಪ್ಪಿದರೂ ಲಕ್ಷಾಂತರ ರೂಪಾಯಿಯ ಕಾರು ಪಂಕ್ಚರ್ ಆದಂತೆ ಕಾಣುತ್ತೆ.

ಹಾಂ, ಹೇಳೋಕೆ ಹೊರಟಿದ್ದು ಡಿಯೋರಾ ಅನ್ನೋ ಕಸ್ಟಮ್ ಗಾಡಿಯ ಕಥೆ. ಹ್ಯಾರಿ ಬ್ರಾಡ್ಲಿ ಅನ್ನೋ ಮಹಾಶಯ ಕೆಲಸಕ್ಕಿದ್ದದ್ದು ಜನರಲ್ ಮೋಟಾರ್ಸ್‌ನಲ್ಲಿ. ಚಿತ್ರ ಬರೆದುಕೊಟ್ಟದ್ದು ಡೆಟ್ರಾಯಿಟ್‌ನ ಅಲೆಕ್ಸಾಂಡರ್ ಸಹೋದರರ ಗ್ಯಾರೇಜಿಗೆ. ಯಾವ ಗಾಡಿಗೆ? ಡಾಜ್ ಕಂಪನಿಯ ಎ-100 ಪಿಕಪ್ಪಿಗೆ! ಊಟ ಒಂದು ಮನೇಲಿ, ಕೈ ತೊಳೆಯೋದು ಇನ್ನೊಂದು ಮನೇಲಿ. ಆ ಪಿಕಪ್ಪೋ, ಮೂತಿಯೇ ಇಲ್ಲದ ಡಬ್ಬ. ಈತ ಅದನ್ನ ಕಾಗದದ ಮೇಲೆ ಬೆಣೆ ಹಾಗೆ ಚಪ್ಪಟೆ ಮಾಡಿ, ಪಕ್ಕದ ಬಾಗಿಲುಗಳನ್ನೇ ಅಳಿಸಿಬಿಟ್ಟ. ಗೆರೆ ಕೆಡುತ್ತಲ್ಲ! ಹಾಗಾದ್ರೆ ಹತ್ತೋದು ಎಲ್ಲಿಂದ ಸ್ವಾಮಿ? ಮುಂದಿನಿಂದ. ಗಾಜು ಮೇಲಕ್ಕೆ ಏಳುತ್ತೆ, ಅದರ ಕೆಳಗಿನ ತಗಡು ಬಾಗಿಲಾಗಿ ತೆರೆಯುತ್ತೆ, ಅಲ್ಲಿಂದ ಒಳಗೆ ಹೊಗಬೇಕು.

ಬೇರೆ ಯಾರಾದರೂ ಆಗಿದ್ರೆ ‘ಚಿತ್ರ ಚೆನ್ನಾಗಿದೆ, ಪಕ್ಕಕ್ಕೊಂದು ಬಾಗಿಲು ಇಟ್ಕೊಳ್ಳೋಣ’ ಅಂದಿರೋರು. ಅಲೆಕ್ಸಾಂಡರ್ ಸಹೋದರರಾದ ಮೈಕ್, ಲ್ಯಾರಿ ಇಬ್ಬರೂ ಗೆರೆ ಮೀರಲಿಲ್ಲ. ಮುಂದಿನ ಗಾಜಿನ ಜಾಗಕ್ಕೆ ಫೋರ್ಡ್ ಸ್ಟೇಷನ್ ವ್ಯಾಗನ್ನಿನ ಹಿಂದಿನ ಗಾಜು ತಂದು ಕೂರಿಸಿದರು. ಹಿಂದಿನದು ಮುಂದಕ್ಕೆ! ಅಡ್ಡ ಬರ್ತಿದ್ದ ಎಂಜಿನ್ನನ್ನು ಹಿಂದಕ್ಕೆ ತಳ್ಳಿದರು. 1967ರಲ್ಲಿ ಡೆಟ್ರಾಯಿಟ್ ಆಟೋರಾಮಾ ಪ್ರದರ್ಶನದ ರಿಡ್ಲರ್ ಪ್ರಶಸ್ತಿ ಈ ಡಿಯೋರಾಗೇ ಬಂತು. ಬರೆದೋನಿಗೆ ಎಷ್ಟು ಪಾಲೋ, ಆ ಹಟಕ್ಕೂ ಅಷ್ಟೇ ಪಾಲು ಸಲ್ಲಬೇಕು ಅಂತೀನಿ ನಾನು.

ಆಮೇಲೆ ಬ್ರಾಡ್ಲಿ ಮ್ಯಾಟೆಲ್ ಅನ್ನೋ ಆಟಿಕೆ ಕಂಪನಿ ಸೇರಿ ಪುಟಾಣಿ ಕಾರು ಬರೆಯೋಕೆ ಕೂತ. 1968ರಲ್ಲಿ ಬಂದ ಆ ಕಂಪನಿಯ ಮೊದಲ 16 ಹಾಟ್ ವೀಲ್ಸ್ ಕಾರುಗಳಲ್ಲಿ ಡಿಯೋರಾನೂ ಒಂದು. ಅಂಗೈ ಮೇಲಿನ ಆ ಪುಟಾಣಿಯ ಬೆನ್ನ ಮೇಲೆ ಎರಡು ಪ್ಲಾಸ್ಟಿಕ್ ಸರ್ಫ್ ಹಲಗೆ, ಸಮುದ್ರದ ಅಲೆ ಮೇಲೆ ಜಾರ್ತಾರಲ್ಲ, ಅದೇ. ಗಾಡಿ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಿ. ಅಲ್ಲಿ ಹಿಮ ಬೇಕಾದಷ್ಟಿದೆ, ಸಮುದ್ರ ಎಲ್ಲಿಂದ ಬರಬೇಕು? ಆದರೆ ಮ್ಯಾಟೆಲ್ ಇರೋದು ಕ್ಯಾಲಿಫೋರ್ನಿಯಾದಲ್ಲಿ ನೋಡಿ, ಅವರಿಗೆ ಹಲಗೆ ಇಲ್ಲದ ಪಿಕಪ್ಪು ಪಿಕಪ್ಪೇ ಅಲ್ಲವೇನೋ.