ಎರಡಕ್ಷರದ ದೀರ್ಘ ತಪಸ್ಸು

1969ರಲ್ಲಿ ಬೆಲ್ ಲ್ಯಾಬ್ಸಿನ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮಹಾಶಯರು ಯುನಿಕ್ಸಿಗೆ ಬೀಜಾವಾಪ ಮಾಡಿದ ಮೇಲೆ, ಅದರ ಎಷ್ಟೋ ಆಜ್ಞೆಗಳಿಗೆ ಎರಡೇ ಅಕ್ಷರದ ಹೆಸರು ಬಂದುದು ನಮ್ಮ ಬೆರಳುಗಳ ಮೇಲಣ ಕರುಣೆಯಿಂದಿರಬೇಕೆಂದು ನನ್ನ ಊಹೆ. ಆದರೆ ಮೊನ್ನೆ ನಮ್ಮ ಸರ್ವರಿನಲ್ಲಿ ಕಡತಗಳ ಪಟ್ಟಿ ಕೇಳಿ ‘ಎಲ್ಎಸ್ ಮೈನಸ್ ಎಲ್’ ಎಂದು ಬಡಿದು, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಒಂದಕ್ಷರವೂ ಮೂಡದೆ, ಕರ್ಸರು ಮಾತ್ರ ನನ್ನನ್ನು ನೋಡಿ ಕಣ್ಣು ಮಿಟುಕಿಸುತ್ತಿದ್ದಿತು.

‘ಸಿಪಿಯು ಬಳಲಿರಬೇಕು’ ಎಂದು ಎಲ್ಲರೂ ಒಕ್ಕೊರಲಿನಿಂದ ತೀರ್ಪಿತ್ತರು. ಯಾರು ಎಷ್ಟು ದುಡಿಯುತ್ತಿದ್ದಾರೆಂದು ತೋರಿಸುವ ಟಾಪ್ ತೆರೆದು ನೋಡಿದರೆ ಆ ಪುಣ್ಯಾತ್ಮ ಕೈಕಟ್ಟಿ ಕುಳಿತಿದ್ದಾನೆ. ಲೋಡ್ ಆವರೇಜು ಮಾತ್ರ ಗಗನಕ್ಕೇರಿದೆ. ಲಿನಕ್ಸಿನ ಲೆಕ್ಕದಲ್ಲಿ ಡಿಸ್ಕಿನ ಬಾಗಿಲಲ್ಲಿ ಕಾದು ನಿಂತವನೂ ದುಡಿಯುವವನೇ. ಕೆಲವು ಕಚೇರಿಗಳ ಹಾಜರಿ ಪುಸ್ತಕವೂ ಹೀಗೆಯೇ. ಹಣೆಯ ಮೇಲೆ ‘ಡಿ’ ಮುದ್ರೆ ಹೊತ್ತ ಈ ಪ್ರಕ್ರಿಯೆಗಳು ಕುಂಭಕರ್ಣನನ್ನೂ ನಾಚಿಸುವಂಥವು: ‘ಕಿಲ್ ಮೈನಸ್ 9’ ಎಂಬ ಬ್ರಹ್ಮಾಸ್ತ್ರಕ್ಕೂ ಏಳವು, ಸಾಯವು.

ಕಡೆಗೆ, ಪ್ರಕ್ರಿಯೆಯ ಬೇಡಿಕೆಗಳನ್ನೆಲ್ಲ ಬರೆದು ತೋರಿಸುವ ಎಸ್‌ಟ್ರೇಸ್ ಹಚ್ಚಿ ನೋಡಲಾಗಿ ರಹಸ್ಯ ಬಯಲಾಯಿತು. ಯಾರೋ ಮಹಾನುಭಾವರು ಒಂದೇ ಡೈರೆಕ್ಟರಿಯಲ್ಲಿ ಲಕ್ಷಾಂತರ ಪುಟ್ಟ ಕಡತಗಳನ್ನು ತುರುಕಿದ್ದರು. ಎಲ್ಎಸ್ ಆದರೋ, ಒಂದೊಂದರ ಮನೆಬಾಗಿಲಿಗೂ ಹೋಗಿ ಒಡೆಯನಾರು, ತೂಕವೆಷ್ಟು, ಕೊನೆಗೆ ತಿದ್ದಿದ ಮುಹೂರ್ತವಾವುದು ಎಂದು ವಿಚಾರಿಸಿ, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿದ ಹೊರತು ಬಾಯಿ ತೆರೆಯದು. ನಿಮಿಷಕ್ಕೆ 7200 ಸುತ್ತುವ ತಟ್ಟೆಯಲ್ಲಿ ಕಡತಕ್ಕೆ ಅರ್ಧ ಸುತ್ತಿನಷ್ಟೇ ಕಾದರೂ ಲಕ್ಷಕ್ಕೆ ಸುಮಾರು 7 ನಿಮಿಷ!

‘ಎಲ್ಎಸ್ ಮೈನಸ್ ಎಫ್’ ಎಂದು, ಜೋಡಣೆಯ ಶಿಷ್ಟಾಚಾರ ಬೇಡವೆಂದೊಡನೆ ಹೆಸರುಗಳು ಧಾರಾಕಾರವಾಗಿ ಸುರಿಯತೊಡಗಿದವು. ಒಂದೆರಡನ್ನು ಹಿಡಿದು ಅವುಗಳ ಒಡೆಯನಾರೆಂದು ಕೇಳಿದೆ. ಬಂದುದು ನನ್ನದೇ ಹೆಸರು.