ಲೇಖಕರ ಸಂಖ್ಯೆ ಹೆಚ್ಚಿಸಿದ ಕ್ಯಾಟಲಾಗಿಗೊಂದು ಬಹಿರಂಗ ಪತ್ರ

ನಮ್ಮೂರ ಗ್ರಂಥಾಲಯದ ಗಣಕೀಕೃತ ಕ್ಯಾಟಲಾಗ್ ಮಹಾಶಯರಿಗೆ,



ಕನ್ನಡದಲ್ಲಿ ಬರೆಯುವವರು ಕಮ್ಮಿಯಾದರೆಂದು ಭಾಷಣ ಬಿಗಿಯುವವರನ್ನು ತಮ್ಮೆದುರು ತಂದು ಕೂರಿಸಬೇಕು. ಅಕಾಡೆಮಿ, ಪರಿಷತ್ತುಗಳಿಂದ ಆಗದ್ದನ್ನು ತಾವು ಸದ್ದಿಲ್ಲದೆ ಮಾಡಿ ಮುಗಿಸಿದ್ದೀರಿ. ನಮಗಿದ್ದವರು ಒಬ್ಬರೇ ಕುವೆಂಪು, ತಮ್ಮಲ್ಲಿ ನಾಲ್ವರಿದ್ದಾರೆ. ‘ಕಾನೂರು ಹೆಗ್ಗಡಿತಿ’ ಬರೆದವರು ‘ಪುಟ್ಟಪ್ಪ, ಕೆ.ವಿ.’. ‘ಮಲೆಗಳಲ್ಲಿ ಮದುಮಗಳು’ ಬರೆದವರು ‘ಕುವೆಂಪು’. ನಾಟಕಗಳು ‘ಕೆ ವಿ ಪುಟ್ಟಪ್ಪ’ ಎಂಬುವರವು. ನಾಲ್ಕನೆಯವರು ನೋಡುವುದಕ್ಕೆ ಕುವೆಂಪುವೇ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಟೈಪು ಮಾಡಿದ ಪುಣ್ಯಾತ್ಮರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಒತ್ತಿದ್ದಾರೆ. ನಮ್ಮ ಕಣ್ಣಿಗೆ ಎರಡೂ ಒಂದೇ. ತಮಗೆ ಒಂದು ಅಕ್ಷರ, ಇನ್ನೊಂದು ಲೆಕ್ಕ. 1967ರ ಜ್ಞಾನಪೀಠವನ್ನು ಕುವೆಂಪು ಮತ್ತು ಗುಜರಾತಿಯ ಉಮಾಶಂಕರ ಜೋಶಿ ಹಂಚಿಕೊಂಡರೆಂದು ತಿಳಿದಿದ್ದೆವು. ತಮ್ಮ ಪ್ರಕಾರ ಐವರಿಗೆ ಪಾಲು ಸಲ್ಲಬೇಕಿತ್ತು.

ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಒಬ್ಬರಿಂದ ಇಷ್ಟು ಸಾಧ್ಯವೇ ಎಂದು ತಮಗೆ ಗುಮಾನಿ ಬಂದಿರಬೇಕು, ‘ಅ.ನ.ಕೃ.’, ‘ಅನಕೃ’, ‘ಕೃಷ್ಣರಾಯ, ಅ.ನ.’, ‘ಎ.ಎನ್. ಕೃಷ್ಣರಾವ್’ ಎಂದು ಹೊರೆ ಹಂಚಿಕೊಟ್ಟಿದ್ದೀರಿ. ಅಂಬಿಕಾತನಯದತ್ತರಿಗೂ ದ.ರಾ. ಬೇಂದ್ರೆಯವರಿಗೂ ತಮ್ಮಲ್ಲಿ ಮುಖಪರಿಚಯವೂ ಇಲ್ಲ. ಹಾಗೆಂದು ತಮಗೆ ಬರೀ ಮನೆ ಒಡೆಯುವುದು ಗೊತ್ತೆಂದರೆ ಅನ್ಯಾಯವಾದೀತು. ಕೂಡಿಸುವುದೂ ಗೊತ್ತು: ‘ವಿನಾಯಕ’ ಎಂಬ ಒಂದೇ ಹೆಸರಿನಡಿ ವಿ.ಕೃ. ಗೋಕಾಕರ ಕವಿತೆಗಳನ್ನೂ ಇನ್ನಾರೋ ವಿನಾಯಕರ ಮೊಬೈಲ್ ರಿಪೇರಿ ಕೈಪಿಡಿಯನ್ನೂ ಜೊತೆಗೂಡಿಸಿದ್ದೀರಿ.

ಹಳೇಕಾಲದ ಕೆಲವರು ತಕರಾರು ತೆಗೆಯುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಒಬ್ಬ ಲೇಖಕನ ಏನೇನು ಪುಸ್ತಕ ಗ್ರಂಥಾಲಯದಲ್ಲಿದೆಯೆಂದು ಕ್ಯಾಟಲಾಗು ತೋರಿಸಬೇಕೆಂದು ಅಮೆರಿಕದ ಗ್ರಂಥಪಾಲಕ ಚಾರ್ಲ್ಸ್ ಕಟರ್ 1876ರಲ್ಲೇ ಬರೆದಿಟ್ಟರು. ಓದುಗನ ಸಮಯ ಉಳಿಸಿ ಎಂದು ಎಸ್.ಆರ್. ರಂಗನಾಥನ್ 1931ರಲ್ಲಿ ಸೂತ್ರ ಮಾಡಿದರು. 1962ರಲ್ಲಿ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಎಂಬ ಗ್ರಂಥಾಲಯ ತರಬೇತಿ ಕೇಂದ್ರ ಕಟ್ಟಿ ಪಾಠವನ್ನೂ ಹೇಳಿದರು. ಪಾಪ, ನಿವೃತ್ತರಾದ ನಮ್ಮಂಥವರಿಗೆ ಕಳೆಯಲು ಸಮಯ ಬೇಕೆಂಬುದು ಅವರಿಗೆ ಹೊಳೆಯಲಿಲ್ಲ.

ಮರದ ಡ್ರಾಯರುಗಳ ಕಾಲದಲ್ಲಿ ‘ಪುಟ್ಟಪ್ಪ, ಕೆ.ವಿ. — ನೋಡಿ: ಕುವೆಂಪು’ ಎಂಬ ಒಂದು ಕಾರ್ಡು ಈ ವ್ಯಾಜ್ಯವನ್ನು ತೀರಿಸುತ್ತಿತ್ತು. ಆ ಕಾರ್ಡೇ ಈಗ ಕಂಪ್ಯೂಟರಿನಲ್ಲಿ ಅಥಾರಿಟಿ ಫೈಲು. ಗ್ರಂಥಾಲಯಗಳು ಬಳಸುವ ಮಾರ್ಕ್ ಎಂಬ ದಾಖಲೆ ನಮೂನೆಯ 100ನೇ ಕಲಮಿನಲ್ಲಿ ಒಪ್ಪಿದ ಹೆಸರು, 400ರಲ್ಲಿ ಉಳಿದ ಅಷ್ಟೂ ರೂಪಗಳು, 670ರಲ್ಲಿ ಅದಕ್ಕೆ ಆಧಾರ. ಹುಟ್ಟಿದ ವರ್ಷ ಸೇರಿಸಿದರೆ ಗೋಕಾಕರು ಮೊಬೈಲ್ ಅಂಗಡಿಯಿಂದ ಪಾರಾಗುತ್ತಾರೆ. ಓದುಗ ಯಾವ ಹೆಸರು ಹಾಕಿದರೂ ಎಲ್ಲ ಪುಸ್ತಕಗಳೂ ಬರುತ್ತವೆ. ನಾನಾ ದೇಶಗಳ ಗ್ರಂಥಾಲಯಗಳ ಇಂಥ ಫೈಲುಗಳನ್ನು ವಿಐಎಎಫ್ ಎಂಬ ವ್ಯವಸ್ಥೆ ಒಂದಕ್ಕೊಂದು ಜೋಡಿಸುತ್ತದೆ. ಅದರಲ್ಲಿ ಯಾರೂ ತಮ್ಮ ಲಿಪಿ ಬಿಡಬೇಕಾಗಿಲ್ಲ.

ಇಷ್ಟಾದರೂ ತಮ್ಮ ಮೇಲೆ ನನಗೆ ಸಿಟ್ಟಿಲ್ಲ. ತಮಗೆ ಕಾಣುವುದು ಹೆಸರು, ಮನುಷ್ಯರಲ್ಲ. ಸಿಟ್ಟು ತಮ್ಮನ್ನು ಕೊಂಡು ತಂದವರ ಮೇಲೆ. ತಂತ್ರಾಂಶಕ್ಕೆ, ಬಾರ್‌ಕೋಡಿಗೆ, ಡೇಟಾ ಎಂಟ್ರಿಗೆ ದುಡ್ಡಿಟ್ಟವರು ಅನಕೃ ಯಾರೆಂದು ಬಲ್ಲ ಒಬ್ಬರಿಗೆ ಕುರ್ಚಿ ಹಾಕಲಿಲ್ಲ.

ಆದ್ದರಿಂದ ಈ ಪತ್ರವನ್ನು ಮೇಲಿನವರಿಗೂ ತೋರಿಸಿ. ಕನ್ನಡ ಬಲ್ಲ, ಕ್ಯಾಟಲಾಗಿಂಗ್ ಕಲಿತ ಒಬ್ಬರನ್ನು ನೇಮಿಸಲಿ. ಅವರು ಮಾಡಿದ ಹೆಸರುಗಳ ಪಟ್ಟಿ ರಾಜ್ಯದ ಎಲ್ಲ ಗ್ರಂಥಾಲಯಗಳಿಗೂ ಸಿಗಲಿ. ಒಂದು ಕಡೆ ಮಾಡಿದ ಕೆಲಸವನ್ನು ಊರೂರಲ್ಲೂ ಹೊಸದಾಗಿ ಕೆಡಿಸುವ ಅಗತ್ಯವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ